ಎಡಗಿವಿ

ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ
ಮೂವತ್ತನಾಲ್ಕು ವರ್ಷ ರಿವೆಟ್ ಬಡಿದು
ಎಡಗಿವಿಯನ್ನು ಇಲಾಖೆಗೇ ಬಿಟ್ಟುಬಂದೆ.
ಪಿಂಚಣಿ ಕಾಗದದಲ್ಲಿ ಅದರ ಲೆಕ್ಕವಿಲ್ಲ.
ಬಲಗಿವಿ ಮಾತ್ರ ಚೊಕ್ಕ:
ಮೂರು ಮನೆಯಾಚೆ ಒಗ್ಗರಣೆಗೆ ಸಾಸಿವೆ ಸಿಡಿದರೂ
ಎಷ್ಟು ಕಾಳು ಅಂತ ಹೇಳಬಲ್ಲೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು,
ಯಾಕೆಂದರೆ ಆ ಭಾನುವಾರ
ಶಿವಮಾದು ನನ್ನ ಬಲಕ್ಕಿದ್ದ.

ನಾವು ನಾಲ್ವರು. ವಯಸ್ಸು ಕೂಡಿದರೆ ಇನ್ನೂರ ಅರವತ್ತು,
ಎರಡು ಸ್ಟೆಂಟು, ಒಂದು ಉಕ್ಕಿನ ಮಂಡಿ.
ದೇವಾಜಮ್ಮಣ್ಣಿಯವರ ಸೈಕಲ್ಲಿಗೆ ಗೇರಿಲ್ಲ, ಗೊಣಗಾಟವೂ ಇಲ್ಲ.
ಡೊಮಿನಿಕ್ ಮೇಷ್ಟ್ರು ಏರಿನಲ್ಲಿ ಮಗ್ಗಿ ಹೇಳುತ್ತಾರೆ,
ಹದಿಮೂರರ ಮಗ್ಗಿ ಬಂತೆಂದರೆ
ಇಳಿದು ತಳ್ಳುತ್ತಿದ್ದಾರೆಂದು ಅರ್ಥ.
ಕಾನೂನು ಒಂದೇ:
ಕೊನೆಯವರು ಬರುವ ತನಕ ಯಾರೂ ಟೀ ಮುಟ್ಟುವಂತಿಲ್ಲ.

ಕತ್ತಲಿರುವಾಗಲೇ ನಜರ್‌ಬಾದು ಬಿಟ್ಟು
ಶ್ರೀರಂಗಪಟ್ಟಣದ ಸೇತುವೆ ಮೇಲೆ ಬೆಳಗಾಗಿ
ಆಲೆಮನೆಯ ಹೊಗೆ ಗಂಟಲಿಗೆ ಸಿಹಿ ಹತ್ತಿ
ಕರಿಘಟ್ಟದ ಬುಡಕ್ಕೆ ಬಂದೆವೆಂದರೆ
ಸ್ನೇಹ ಅಲ್ಲಿಗೆ ಮುಗಿಯಿತು.
ಆಮೇಲೆ ತೊಡೆ, ಉಸಿರು,
ಮುಂದಿನವನ ಹಿಂದಿನ ಚಕ್ರ.

ಮೂರು ವರ್ಷ ನಾನು ನೋಡಿದ್ದು ಅದೇ ಚಕ್ರ.
ರೇಷ್ಮೆ ಕಾರ್ಖಾನೆಯ ಬಣ್ಣದ ತೊಟ್ಟಿಯಲ್ಲಿ ದುಡಿದವನು ಶಿವಮಾದು,
ಮಡ್‌ಗಾರ್ಡಿಗೆ ತಾನೇ ಬಳಿದ ನೇರಳೆ.
ಆ ನೇರಳೆ ನನ್ನ ಕನಸಿಗೂ ಬರುತ್ತಿತ್ತು.
"ನಿದ್ದೇಲಿ ಯಾಕ್ರೀ ಕಾಲು ಝಾಡಿಸ್ತೀರಿ?" ಎಂದು ಹೆಂಡತಿ.
ಅರವತ್ತಾರಕ್ಕೆ ಇಂಥ ಹೊಟ್ಟೆಕಿಚ್ಚು ಇರಬಾರದು ಅನ್ನುತ್ತಾರೆ.
ಇರುತ್ತದೆ.
ಸಕ್ಕರೆ ಕಾಯಿಲೆಯ ಹಾಗೆ,
ತಡವಾಗಿ ಬಂದದ್ದು ಗಟ್ಟಿಯಾಗಿ ಕೂರುತ್ತದೆ.

ಕಡೆಯ ತಿರುವಿನಲ್ಲಿ ಇಬ್ಬರೂ ಸರಿಸಮ,
ಅವನ ಬೆವರು ನನ್ನ ಮೊಣಕೈಗೆ ಹಾರುವಷ್ಟು ಹತ್ತಿರ.
ಆಗ ಕೇಳಿಸಿತು,
ಕಟ್ಟಕ್.
ಹಿಂದೆಯೇ ಪೆಡಲು ಖಾಲಿ ತಿರುಗುವ ಸದ್ದು.
ಚೈನು ಬಿದ್ದದ್ದು ತುಳಿದವರಿಗೆಲ್ಲ ಗೊತ್ತು,
ಬಾಣಂತಿಗೆ ಕೂಸಿನ ಅಳು ಗೊತ್ತಿರುವ ಹಾಗೆ.
ಅವನು ಕೂಗಲಿಲ್ಲ. ಅಥವಾ ಕೂಗಿದನೋ,
ನಾನು ಅಷ್ಟರಲ್ಲಿ ತಲೆ ತುಸು ಎಡಕ್ಕೆ ಹೊರಳಿಸಿ
ಹಿಂದಕ್ಕೆ ಎಡಗಿವಿ ಕೊಟ್ಟು
ತುಳಿದೆ.

ಮೇಲೆ ಗಾಳಿ.
ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಕಡೆ ಮಂಜು.
ಗೆದ್ದವನನ್ನು ಎದುರುಗೊಂಡದ್ದು ಒಂದು ಕೋತಿ.
ಅದು ನೋಡಿದ್ದೂ ನನ್ನ ನೀರಿನ ಬಾಟಲಿಯನ್ನು.

ಶಿವಮಾದು ಬಂದ, ಎರಡೂ ಅಂಗೈ ಗ್ರೀಸಿನ ಕಪ್ಪು.
"ಇವತ್ತು ಇವನ್ ಕಾಲ್ಗೆ ದೇವ್ರು ಬಂದಿತ್ತು ಮೇಷ್ಟ್ರೇ" ಅಂದ.
ಚೈನಿನ ಮಾತೇ ಎತ್ತಲಿಲ್ಲ.
ಗಂಜಾಮಿನಲ್ಲಿ ಟೀ ಕಾಸು ಕೊಟ್ಟವನೂ ಅವನೇ.
ನನಗೆ ದಾಟಿಸಿದ ಗಾಜಿನ ಲೋಟದ ಮೇಲೆ
ಅವನ ಹೆಬ್ಬೆಟ್ಟಿನ ಕರಿ ಗುರುತು,
ಪತ್ರಕ್ಕೆ ಸಾಕ್ಷಿ ಒತ್ತಿದ ಹಾಗೆ.
ಟೀ ಸಪ್ಪೆ. ಡಾಕ್ಟರು ಬೇಡವೆಂದ ಸಕ್ಕರೆ ಎರಡು ಚಮಚ ಹಾಕಿಸಿಕೊಂಡೆ.
ಸಪ್ಪೆಯೇ.

ಸೋಮವಾರ ನನ್ನ ಚೈನಿಗೆ ಎಣ್ಣೆ ಬಿಟ್ಟೆ.
ಬುಧವಾರ ಮತ್ತೆ ಬಿಟ್ಟೆ. ಶುಕ್ರವಾರವೂ.

ಭಾನುವಾರ ಬೆಟ್ಟದ ಬುಡದಲ್ಲಿ ಹೇಳಿದೆ:
"ಮಾದು, ಆವತ್ತು ನಂಗೆ ಕೇಳ್ಸಿತ್ತು ಕಣೋ."
ಅವನು ಟೈರು ಅಮುಕಿ ನೋಡುತ್ತಿದ್ದ. ತಲೆಯೆತ್ತಲಿಲ್ಲ.
"ಗೊತ್ತು ಬುಡು.
ಹೋದ್ ವರ್ಷ ನಿನ್ ಟೈರ್‌ಗೆ ಮುಳ್ ಚುಚ್ಕಂಡಿದ್ದ
ಇಲ್ಲೇ ನೋಡಿದ್ದೆ ನಾನು. ಯೋಳ್ನಿಲ್ಲ."

ಹೋದ ವರ್ಷ!
ಗಾಳಿಯಿಳಿದ ಚಕ್ರದಲ್ಲಿ ಅಷ್ಟೆತ್ತರ ಏದುಸಿರು ಬಿಟ್ಟು ಹತ್ತಿ
ಮುದುಕನಾದೆ, ಮುಗಿಯಿತು ಅಂದುಕೊಂಡು
ಮರುದಿನ ಸೈಕಲ್ ಮಾರಲು ಹೊರಟಿದ್ದೆ.
ಗಿರಾಕಿ ನೂರು ರೂಪಾಯಿ ಚೌಕಾಸಿ ಮಾಡಿದ್ದಕ್ಕೆ
ಸಿಟ್ಟು ಬಂದು ಉಳಿದದ್ದು ಇದು.

ಆಮೇಲೆ ನಕ್ಕೆವೋ ಬೈದಾಡಿಕೊಂಡೆವೋ,
ಎರಡನ್ನೂ ಕಂಡೆ ಅನ್ನುತ್ತಾರೆ ಮೇಷ್ಟ್ರು.
"ಪಂಚಾಯ್ತಿ ಮುಗಿದಿದ್ರೆ ಹೊರಡಿ, ಬಿಸಿಲೇರುತ್ತೆ"
ಎಂದ ದೇವಾಜಮ್ಮಣ್ಣಿಯವರು ಆಗಲೇ
ಮೊದಲ ತಿರುವು ದಾಟಿದ್ದರು.

ಈಗ ಶಿವಮಾದು ಬೇಕೆಂದೇ ನನ್ನ ಬಲಕ್ಕೆ ಬರುತ್ತಾನೆ.
ಗುಂಡಿ ಕಂಡರೆ ಗುಂಡಿ ಅನ್ನುತ್ತಾನೆ,
ನನ್ನ ಟೈರನ್ನೂ ಒಮ್ಮೆ ಅಮುಕಿ ನೋಡುತ್ತಾನೆ,
ಆಮೇಲೆ ಒಂದಿಷ್ಟೂ ಕನಿಕರವಿಲ್ಲದೆ
ಬಿಟ್ಟುಹೋಗುತ್ತಾನೆ.

ನಿನ್ನೆಯೂ ನೇರಳೆ ಮಡ್‌ಗಾರ್ಡು ಎರಡು ಮಾರು ಮುಂದೆ.
ಉರಿಯಲಿಲ್ಲ ಅಂದರೆ
ಸುಳ್ಳಾಗುತ್ತದೆ.